ಹಿಡಿ ಅಕ್ಕಿಯಂತೆ ಹೊತ್ತನ್ನೂ ತೆಗೆದಿಡುವುದು: ದಿನನಿತ್ಯ ದೇವರೊಂದಿಗೆ ಕೂಡುವ ರೂಢಿಗೆ ಒಂದು ಕೈಪಿಡಿ

ನನ್ನ ಅಜ್ಜಿ ಇರುವವರೆಗೆ ನಮ್ಮ ಅಡುಗೆಮನೆಯ ಮೂಲೆಯಲ್ಲಿ ಮುಚ್ಚಳವಿದ್ದ ಒಂದು ತಗಡಿನ ಡಬ್ಬಿ ಇರುತ್ತಿತ್ತು. ಅನ್ನಕ್ಕೆ ಅಕ್ಕಿ ಅಳೆದುಕೊಂಡ ಕೂಡಲೇ, ತೊಳೆಯುವುದಕ್ಕೂ ಮೊದಲು, ಅದರಿಂದ ಒಂದು ಹಿಡಿ ಆ ಡಬ್ಬಿಗೆ ಬೀಳುತ್ತಿತ್ತು. ತಿಂಗಳಿಗೊಮ್ಮೆ ಆ ಅಕ್ಕಿ ಬಟ್ಟೆಯ ಚೀಲದಲ್ಲಿ ರವಿವಾರದ ಆರಾಧನೆಗೆ ಹೋಗಿ ಕಾಣಿಕೆಯಾಗುತ್ತಿತ್ತು. ಅಕ್ಕಿ ಸಾಲದ ದಿನಗಳಲ್ಲಿ ಹಿಡಿ ಚಿಕ್ಕದಾಗುತ್ತಿತ್ತೇ ಹೊರತು ತಪ್ಪುತ್ತಿರಲಿಲ್ಲ. ಎಲ್ಲರೂ ಉಂಡ ಮೇಲೆ ಮಿಕ್ಕಿದ್ದನ್ನು ದೇವರಿಗೆ ಕೊಡೋಣವೆಂದು ಆಕೆ ಕಾದಿದ್ದರೆ, ಒಂಬತ್ತು ಮಂದಿಯ ಆ ಮನೆಯಲ್ಲಿ ಡಬ್ಬಿ ಎಂದಿಗೂ ತುಂಬುತ್ತಿರಲಿಲ್ಲ.

ಪ್ರಾರ್ಥನೆಯ ಮಾತು ಬಂದಾಗ ಧಾರವಾಡದ ಕಡೆ ನಾನು ಹೆಚ್ಚಾಗಿ ಕೇಳುವ ಉತ್ತರ, "ಏನ್ ಮಾಡೋದ್ರಿ, ಟೈಮ್ ಸಿಗವಲ್ದು" ಎಂಬುದು. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ದಿನದ ಎಲ್ಲ ಕೆಲಸ ಮುಗಿದ ಮೇಲೆ ಉಳಿಯುವ ಹೊತ್ತನ್ನು ದೇವರಿಗೆ ಕೊಡೋಣವೆಂದು ಕಾಯುವವರಿಗೆ ಆ ಹೊತ್ತು ನಿಜವಾಗಿಯೂ ಸಿಗುವುದಿಲ್ಲ, ಏಕೆಂದರೆ ಸಂಸಾರಸ್ಥರ ದಿನದಲ್ಲಿ ಹೊತ್ತು ಉಳಿಯುವುದೇ ಇಲ್ಲ. ಅಳೆಯುವಾಗಲೇ ಒಂದು ಹಿಡಿ ತೆಗೆದಿಡುವುದು ಹೇಗೆ ಎಂಬುದಷ್ಟೇ ಈ ಬರಹದ ವಿಷಯ. ನಾನು ಸಭಾಪಾಲಕನಲ್ಲ, ದೇವಜ್ಞಾನ ಕಲಿತವನೂ ಅಲ್ಲ. ಹಲವು ಸಲ ಶುರುಮಾಡಿ, ಹಲವು ಸಲ ಬಿಟ್ಟು, ಮತ್ತೆ ಹಿಡಿದ ಒಬ್ಬ ಸಾಮಾನ್ಯ ಕ್ರೈಸ್ತ ವಿಶ್ವಾಸಿಯ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

ಗಡಿಯಾರಕ್ಕೆ ಕಟ್ಟಬೇಡಿರಿ, ಕೆಲಸಕ್ಕೆ ಕಟ್ಟಿರಿ

ಒಂದು ಜನವರಿ ಒಂದನೇ ತಾರೀಖಿಗೆ, ಹೊಸ ವರ್ಷದ ಆರಾಧನೆಯ ಹುರುಪಿನಲ್ಲಿ, ದಿನವೂ ಬೆಳಗಿನ ನಾಲ್ಕಕ್ಕೆ ಎದ್ದು ಒಂದು ತಾಸು ಪ್ರಾರ್ಥಿಸುವುದಾಗಿ ನಾನು ತೀರ್ಮಾನಿಸಿದೆ. ಧಾರವಾಡದ ಜನವರಿಯ ಚಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಒಂಬತ್ತು ದಿನ ನಡೆಯಿತು. ಹತ್ತನೆಯ ದಿನ ಕಂಬಳಿಯೊಳಗೇ ಪ್ರಾರ್ಥಿಸೋಣವೆಂದು ಕಣ್ಣು ಮುಚ್ಚಿದವನು ಎದ್ದದ್ದು ಏಳಕ್ಕೆ. ಆಮೇಲೆ ನಾಚಿಕೆಯಿಂದ ಏಪ್ರಿಲ್‌ವರೆಗೆ ಸತ್ಯವೇದವನ್ನೇ (ಬೈಬಲನ್ನೇ) ತೆರೆಯಲಿಲ್ಲ. ದೊಡ್ಡ ತೀರ್ಮಾನದಿಂದ ಆಗುವ ನಿಜವಾದ ಹಾನಿ ಇದು: ಅದು ಮುರಿಯುವಾಗ ಹತ್ತು ನಿಮಿಷದ ಸಣ್ಣ ರೂಢಿಯನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ.

ಆದ್ದರಿಂದ ಮೊದಲು ಮೂರು ದಿನ ಏನನ್ನೂ ಬದಲಿಸದೆ, ನಿಮ್ಮ ದಿನ ಹೇಗೆ ಸಾಗುತ್ತದೆಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿರಿ. ಪ್ರತಿ ಮನೆಯ ದಿನದಲ್ಲಿಯೂ ಅಲುಗಾಡದ ಕೆಲವು ಗೂಟಗಳಿರುತ್ತವೆ: ಬೆಳಗಿನ ಚಹಾ, ರೊಟ್ಟಿಗೆ ಎಸರು ಇಡುವುದು, ಮಕ್ಕಳ ಬುತ್ತಿ, ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಗೆ ಹೋಗುವವರ ಪಾಳಿ, ಚಿಗರಿ ಬಸ್ಸು, ರಾತ್ರಿ ಬಾಗಿಲಿಗೆ ಅಗುಳಿ ಹಾಕುವುದು. ಪ್ರಾರ್ಥನೆಯನ್ನು ಇಂಥ ಒಂದು ಗೂಟಕ್ಕೆ ಕಟ್ಟಬೇಕು. "ಬೆಳಿಗ್ಗೆ 5.30ಕ್ಕೆ" ಎಂದುಕೊಂಡರೆ, ತಡವಾಗಿ ಎದ್ದ ದಿನ 5.45ಕ್ಕೆ ಆ ಹೊತ್ತು ಸತ್ತುಹೋಗುತ್ತದೆ. "ಚಹಾ ಆದ ಮೇಲೆ, ಎಸರು ಇಡುವ ಮೊದಲು" ಎಂದುಕೊಂಡರೆ ಎಷ್ಟಕ್ಕೆ ಎದ್ದರೂ ಆ ಜಾಗ ಅಲ್ಲಿಯೇ ಇರುತ್ತದೆ.

ಬೆಳಗಿನ ಹೊತ್ತೇ ಆಗಬೇಕೆಂಬ ನಿಯಮವನ್ನು ಸತ್ಯವೇದ ಎಲ್ಲಿಯೂ ಹಾಕಿಲ್ಲ. ಯೇಸುಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು ಅಡವಿಯ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದರೆಂದು ಮಾರ್ಕನ ಸುವಾರ್ತೆಯ 1ನೇ ಅಧ್ಯಾಯದ 35ನೇ ವಚನ ಹೇಳುತ್ತದೆ, ನಿಜ. ಆದರೆ ಇಸಾಕನು ಧ್ಯಾನಕ್ಕೆಂದು ಹೊಲಕ್ಕೆ ಹೋದದ್ದು ಸಂಜೆಯಲ್ಲಿ (ಆದಿಕಾಂಡ 24:63), ಮತ್ತು ದಾನಿಯೇಲನು ದಿನಕ್ಕೆ ಮೂರಾವರ್ತಿ ಮೊಣಕಾಲೂರುತ್ತಿದ್ದನು (ದಾನಿಯೇಲ 6:10). ರಾತ್ರಿ ಪಾಳಿ ಮುಗಿಸಿ ಬರುವ ನರ್ಸಮ್ಮನಿಗೆ ಮಲಗುವ ಮುಂಚಿನ ಬೆಳಗಿನ ಎಂಟು ಗಂಟೆಯೇ ಸಂಜೆ. ಬೆಟಗೇರಿಯಲ್ಲಿ ಮಗ್ಗದ ಮೇಲೆ ಕೂಡುವವರಿಗೆ ಮಧ್ಯಾಹ್ನದ ಊಟವಾದ ಮೇಲಿನ ಕಾಲು ತಾಸು ಹೆಚ್ಚು ಅನುಕೂಲವಾಗಬಹುದು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿಯ ತಿಂಗಳುಗಳಲ್ಲಿ ಮಾರುಕಟ್ಟೆಗೆ ದುಡಿಯುವವರ ಗೂಟವೇ ಬೇರೆಯಾಗುತ್ತದೆ. ಸುಗ್ಗಿಗೊಂದು, ಉಳಿದ ದಿನಕ್ಕೊಂದು ಎಂದು ಎರಡು ಗೂಟಗಳನ್ನು ಮೊದಲೇ ಗೊತ್ತುಮಾಡಿಕೊಂಡರೆ ಅವರಿಗೆ ಒಳ್ಳೆಯದು.

ಕೂಡುವ ಜಾಗ

ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿ ಪ್ರಾರ್ಥಿಸಬೇಕೆಂದು ಯೇಸುಸ್ವಾಮಿ ಕಲಿಸಿದ್ದಾರೆ (ಮತ್ತಾಯ 6:6). ಎರಡೇ ಕೋಣೆಯ ಮನೆಯಲ್ಲಿ ಆರು ಮಂದಿ ಇರುವವರು ಇದನ್ನು ಓದಿ ನಕ್ಕಿರಬಹುದು. ಜನರಿಗೆ ತೋರಿಸಿಕೊಳ್ಳುವುದಕ್ಕಾಗಿ ಪ್ರಾರ್ಥಿಸಬಾರದೆಂಬುದು ಆ ಮಾತಿನ ತಿರುಳು. ಬಾಗಿಲು ಮರದ್ದೇ ಆಗಬೇಕೆಂದಿಲ್ಲ. ಮಾಳಿಗೆಯ ಮೆಟ್ಟಿಲು, ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ, ಗೋಡೆಗೆ ಮುಖಮಾಡಿದ ಒಂದು ಕುರ್ಚಿ, ಯಾವುದಾದರೂ ನಡೆಯುತ್ತದೆ. ಮುಖ್ಯವಾದದ್ದು ದಿನವೂ ಅದೇ ಜಾಗವಾಗಿರುವುದು, ಸತ್ಯವೇದ ಮತ್ತು ಕನ್ನಡಕ ಅಲ್ಲಿಯೇ ಇರುವುದು. ತೆಗೆದಿಟ್ಟ ಹದಿನೈದು ನಿಮಿಷದಲ್ಲಿ ಕನ್ನಡಕ ಹುಡುಕುವುದಕ್ಕೇ ಹತ್ತು ಹೋದರೆ ಉಳಿದ ಐದು ನಿಮಿಷದಲ್ಲಿ ಮನಸ್ಸು ನೆಲೆಗೊಳ್ಳುವುದಿಲ್ಲ.

ಮೊಬೈಲ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿಯಾಗಿದೆ. ಅದರಲ್ಲಿ ಸತ್ಯವೇದ ಓದುವುದು ತಪ್ಪಲ್ಲ, ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ಓದಲಾರದವರು ಕೇಳಿಸಿಕೊಳ್ಳಲೂಬಹುದು. ಆದರೆ ವಾಕ್ಯದ ನಡುವೆ ವಾಟ್ಸಾಪ್ ಗುಂಪಿನ ಶುಭೋದಯ ಬಂದು ಬೀಳುವ ಪರದೆಯ ಮುಂದೆ ನಾನಂತೂ ಮೌನವಾಗಿ ಕೂಡಲಾರೆ. ಸಭೆಯ ಗುಂಪಿನಲ್ಲಿ ಬಂದ ಹತ್ತು ವಚನಗಳನ್ನು ಮತ್ತೆ ಹತ್ತು ಗುಂಪಿಗೆ ಕಳಿಸಿದ್ದನ್ನೇ ಆ ದಿನದ ಧ್ಯಾನವೆಂದು ಎಣಿಸುವವರೂ ನಮ್ಮಲ್ಲಿದ್ದಾರೆ; ನಾನೂ ಕೆಲವು ಕಾಲ ಆ ಪಂಗಡದಲ್ಲಿದ್ದೆ.

ಆ ಹದಿನೈದು ನಿಮಿಷದಲ್ಲಿ ಏನು ಮಾಡಬೇಕು

ಬಹಳ ಜನ ಹೊತ್ತಿಲ್ಲದೆ ಬಿಡುವುದಿಲ್ಲ, ಕೂತ ಮೇಲೆ ಏನು ಮಾಡಬೇಕೆಂದು ತೋಚದೆ ಬಿಡುತ್ತಾರೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಹೊಸದಾಗಿ ಶುರುಮಾಡುವವರಿಗೆ ಮಾರ್ಕನ ಸುವಾರ್ತೆ ಒಳ್ಳೆಯದು. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ದಿನಕ್ಕೊಂದು ಪ್ರಸಂಗ ಮಾತ್ರ ಓದಿರಿ. ಉದಾಹರಣೆಗೆ 4ನೇ ಅಧ್ಯಾಯದ ಕೊನೆಯ ಏಳು ವಚನಗಳು, ಬಿರುಗಾಳಿಯ ಪ್ರಸಂಗ. ಅದನ್ನು ಒಮ್ಮೆ ತುಟಿ ಅಲುಗಿಸಿ, ಸಣ್ಣ ದನಿಯಲ್ಲಿ ಓದಿರಿ. ಕಣ್ಣು ಮಾತ್ರ ಓದಿದಾಗ ಗೊತ್ತಿರುವ ಕಥೆಯ ಮೇಲೆ ಅದು ಜಾರಿಕೊಂಡು ಹೋಗುತ್ತದೆ. ನಾಲಿಗೆಗೆ ಆ ಚಪಲತೆ ಇಲ್ಲ. ಎರಡನೆಯ ಸಲ ಓದುವಾಗ ನೀವು ಹಿಂದೆ ಗಮನಿಸದಿದ್ದ ಒಂದು ವಿವರವನ್ನು ಹುಡುಕಿರಿ. ಅದು ಸಂಜೆಯ ಹೊತ್ತು. ಬೇರೆ ದೋಣಿಗಳೂ ಜೊತೆಗಿದ್ದವು. ಯೇಸುಸ್ವಾಮಿ ದೋಣಿಯ ಹಿಂಭಾಗದಲ್ಲಿ ತಲೆಗೆ ದಿಂಬು ಇಟ್ಟುಕೊಂಡು ನಿದ್ದೆಹೋಗಿದ್ದರು. ದಿನವೆಲ್ಲ ಜನರಿಗೆ ಉಪದೇಶಿಸಿ ದಣಿದಿದ್ದ ಮನುಷ್ಯನ ನಿದ್ದೆ ಅದು, ನೀರು ದೋಣಿಯೊಳಗೆ ತುಂಬುತ್ತಿದ್ದರೂ ಎಚ್ಚರವಾಗದ ನಿದ್ದೆ. ಮೂರನೆಯ ಸಲ ಓದುವಾಗ, ಆ ಪ್ರಸಂಗದಲ್ಲಿ ನಿಮ್ಮ ಮಾತು ಯಾವುದೆಂದು ನೋಡಿಕೊಳ್ಳಿರಿ. ಮನೆಯ ಸಾಲ, ಮಗನ ಪರೀಕ್ಷೆ, ವೈದ್ಯರು ಹೇಳಿದ ಒಂದು ಮಾತು ಎದೆಯಲ್ಲಿ ಕುಳಿತಿರುವ ದಿನ ಶಿಷ್ಯರ ಪ್ರಶ್ನೆಯೇ ನಮ್ಮದಾಗುತ್ತದೆ: ನಾವು ಮುಳುಗುತ್ತಿದ್ದೇವೆ, ನಿನಗೆ ಚಿಂತೆಯಿಲ್ಲವೇ? ಹಾಗಿದ್ದರೆ ಆ ದಿನದ ಪ್ರಾರ್ಥನೆ ಅದೇ ಪ್ರಶ್ನೆಯಿಂದ ಶುರುವಾಗಲಿ. ಸ್ತೋತ್ರದ ಅಲಂಕಾರದ ಮಾತುಗಳಿಂದ ಅದನ್ನು ಮುಚ್ಚುವ ಅಗತ್ಯವಿಲ್ಲ. ಶಿಷ್ಯರ ನಂಬಿಕೆ ಸಾಲದೆಂದು ಯೇಸುಸ್ವಾಮಿ ಗದರಿದರು, ಆದರೆ ಗದರಿದ್ದು ಗಾಳಿಯನ್ನು ನಿಲ್ಲಿಸಿದ ಮೇಲೆ.

ಓದಲು ಏಳೆಂಟು ನಿಮಿಷ ಹೋಯಿತು. ಆಮೇಲೆ ಎರಡು ನಿಮಿಷ ಸುಮ್ಮನೆ ಕೂಡುವುದು. ಇದು ಕೇಳುವುದಕ್ಕೆ ಸುಲಭ, ಮಾಡುವುದಕ್ಕೆ ಎಲ್ಲಕ್ಕಿಂತ ಕಷ್ಟ. ಗ್ಯಾಸ್ ಸಿಲಿಂಡರ್ ಹೇಳಬೇಕಾಗಿತ್ತೆಂಬುದು ಸರಿಯಾಗಿ ಆಗಲೇ ನೆನಪಾಗುತ್ತದೆ. ನೆನಪಾದದ್ದನ್ನು ಪಕ್ಕದ ಚೀಟಿಯಲ್ಲಿ ಬರೆದಿಟ್ಟು ಮತ್ತೆ ಸುಮ್ಮನಾಗಿರಿ, ಅದರೊಂದಿಗೆ ಜಗಳಕ್ಕೆ ನಿಲ್ಲಬೇಡಿರಿ. ಕೊನೆಯ ಐದು ನಿಮಿಷ ಬೇರೆಯವರಿಗಾಗಿ. ಎಲ್ಲರ ಹೆಸರನ್ನೂ ದಿನವೂ ಹೇಳಲು ಹೋದರೆ ಹಾಜರಿ ಕೂಗಿದಂತಾಗುತ್ತದೆ. ಸೋಮವಾರ ಒಡಹುಟ್ಟಿದವರು, ಮಂಗಳವಾರ ರೋಗಿಗಳು, ಬುಧವಾರ ಓಣಿಯವರು, ಗುರುವಾರ ಕೆಲಸದ ಜಾಗದವರು, ಹೀಗೆ ವಾರಕ್ಕೆ ಹಂಚಿಕೊಂಡರೆ ಪ್ರತಿಯೊಬ್ಬರ ಹೆಸರಿನ ಹತ್ತಿರ ಸ್ವಲ್ಪ ನಿಲ್ಲಲು ಆಗುತ್ತದೆ. ಮಾತೇ ಹೊರಡದ ದಿನ "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂಬ ಕರ್ತನ ಪ್ರಾರ್ಥನೆಯನ್ನು ಒಂದೊಂದು ಸಾಲಿಗೆ ತಡೆದು ಹೇಳಿದರೆ ಸಾಕು.

ಓದಿನ ಅಳತೆ

ಒಂದು ವರ್ಷದಲ್ಲಿ ಇಡೀ ಸತ್ಯವೇದ ಓದುವ ಆಸೆ ಅನೇಕರಿಗಿದೆ. ಪ್ರೊಟೆಸ್ಟಂಟರ ಸತ್ಯವೇದದಲ್ಲಿ 1,189 ಅಧ್ಯಾಯಗಳಿವೆ. ವಾರದ ದಿನಗಳಲ್ಲಿ ಮೂರು, ರವಿವಾರ ಐದು ಅಧ್ಯಾಯ ಓದಿದರೆ ವರ್ಷದೊಳಗೆ ಮುಗಿಯುತ್ತದೆ. ಲೆಕ್ಕ ಸರಿಯಾಗಿದ್ದರೂ ಇದನ್ನು ಹೊಸಬರಿಗೆ ನಾನು ಹೇಳುವುದಿಲ್ಲ. ಆದಿಕಾಂಡ, ವಿಮೋಚನಕಾಂಡ ಓಡುತ್ತವೆ, ಯಾಜಕಕಾಂಡದ ಬಲಿಗಳ ವಿಧಿಯಲ್ಲಿ ಗಾಡಿ ಹೂತುಕೊಳ್ಳುತ್ತದೆ. ಫೆಬ್ರುವರಿ ತಿಂಗಳು ನಮ್ಮ ಸಭೆಗಳಲ್ಲಿ ಎಷ್ಟೋ ಜನರ ಓದು ನಿಂತ ತಿಂಗಳು. ಹೊಸ ಒಡಂಬಡಿಕೆಯಲ್ಲಿ ಸರಿಯಾಗಿ 260 ಅಧ್ಯಾಯಗಳಿವೆ. ವಾರಕ್ಕೆ ಐದು ದಿನ, ದಿನಕ್ಕೊಂದು ಅಧ್ಯಾಯ ಎಂದರೆ 52 ವಾರಕ್ಕೆ ಮುಗಿಯುತ್ತದೆ, ಮತ್ತು ತಪ್ಪಿದ್ದನ್ನು ತುಂಬಿಕೊಳ್ಳಲು ವಾರದಲ್ಲಿ ಎರಡು ದಿನ ಕೈಯಲ್ಲಿ ಉಳಿಯುತ್ತವೆ. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯ ಇರುವುದರಿಂದ ತಾರೀಖಿಗೊಂದು ಓದುವವರೂ ಇದ್ದಾರೆ.

ದಿನಕ್ಕೊಂದು ಅಧ್ಯಾಯವೂ ಹೆಚ್ಚೆನಿಸುವವರಿಗೆ ದಿನಕ್ಕೊಂದು ವಚನದ ರೂಢಿ ಇದೆ, ಮತ್ತು ಅದಕ್ಕೆ ಹಳೆಯ ಬೇರಿದೆ. ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನ ಮೊರಾವಿಯನ್ ಎಂಬ ಪ್ರೊಟೆಸ್ಟಂಟ್ ಸಭೆಯವರು 1728ರಿಂದ ಆ ದಿನದ ವಚನವನ್ನು ಮನೆಮನೆಗೆ ತಲುಪಿಸುತ್ತಿದ್ದರು. 1731ರಿಂದ ಅದು ವರ್ಷವರ್ಷವೂ ಪುಸ್ತಕವಾಗಿ ಅಚ್ಚಾಗುತ್ತ ಬಂದಿದೆ. ಮನೆಯೊಳಗಿನ ಭಕ್ತಿಗೆ ಅಷ್ಟೇ ಬೆಲೆ ಕೊಡುತ್ತಿದ್ದ ಸ್ವಿಟ್ಜರ್ಲೆಂಡಿನ ಬೇಸಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ವಚನ ಒಂದೇ ಇದ್ದಾಗ ಅದನ್ನು ಬಾಯಿಪಾಠ ಮಾಡಬಹುದು, ಮಧ್ಯಾಹ್ನ ನೆನೆಯಬಹುದು, ರಾತ್ರಿ ಮಕ್ಕಳನ್ನು ಕೇಳಬಹುದು.

ದಾರಿಯಲ್ಲಿ, ಸಾಲಿನಲ್ಲಿ, ಕೆಲಸದ ನಡುವೆ

ತೆಗೆದಿಟ್ಟ ಹೊತ್ತಿನ ಜೊತೆಗೆ ಬಿಡಿ ಹೊತ್ತುಗಳೂ ಇವೆ. ಪಾರಸಿಯ ಅರಸನು ಪ್ರಶ್ನೆ ಕೇಳಿದಾಗ ಅವನ ಪಾನಸೇವಕನಾದ ನೆಹೆಮೀಯನು ಉತ್ತರ ಕೊಡುವ ಮುಂಚೆ ಪರಲೋಕದ ದೇವರಿಗೆ ಪ್ರಾರ್ಥಿಸಿದನೆಂದು ಬರೆದಿದೆ (ನೆಹೆಮೀಯ 2:4). ಅರಸನನ್ನು ಎಷ್ಟು ಹೊತ್ತು ಕಾಯಿಸಬಹುದಿತ್ತು? ಒಂದು ಉಸಿರಿನಷ್ಟು. ಆದರೆ ಆ ಒಂದು ಉಸಿರಿನ ಹಿಂದೆ, ಮೊದಲನೆಯ ಅಧ್ಯಾಯದಲ್ಲಿ, ಅವನು ಅನೇಕ ದಿನ ಉಪವಾಸವಿದ್ದು ಅತ್ತು ಪ್ರಾರ್ಥಿಸಿದ್ದುಂಟು. "ನಾನು ದಿನವೆಲ್ಲ ಮನಸ್ಸಿನಲ್ಲೇ ಪ್ರಾರ್ಥಿಸ್ತೀನಿ, ಬೇರೆ ಕೂಡೋದೇನು ಬೇಕಾಗಿಲ್ಲ" ಎನ್ನುವವರು ಈ ಎರಡು ಅಧ್ಯಾಯಗಳನ್ನು ಕೂಡಿಸಿ ಓದಬೇಕು.

ಹುಬ್ಬಳ್ಳಿ ಧಾರವಾಡದ ನಡುವೆ ದಿನವೂ ಓಡಾಡುವವರಿಗೆ ಚಿಗರಿ ಬಸ್ಸಿನ ಪ್ರಯಾಣ ಒಳ್ಳೆಯ ಹೊತ್ತು. ಕೂಡಲು ಜಾಗ ಸಿಕ್ಕರೆ ಕಿಟಕಿಯ ಕಡೆ ತಿರುಗಿ ಬೆಳಿಗ್ಗೆ ಓದಿದ ವಚನವನ್ನು ನೆನೆಯಿರಿ, ಸಿಗದಿದ್ದರೆ ನಿಲ್ದಾಣಕ್ಕೊಬ್ಬರಂತೆ ಹೆಸರು ನೆನೆಯಿರಿ. ನವನಗರ ಬಂದಾಗ ಯಾವಾಗಲೂ ನನ್ನ ನಾಲಿಗೆಗೆ ಬರುವ ಹೆಸರು ಅಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಮಲಗಿದ್ದ ಒಬ್ಬ ಗೆಳೆಯನದು. ಅವನು ಗುಣವಾಗಿ ಊರಿಗೆ ಹೋದ ಮೇಲೂ ಆ ನಿಲ್ದಾಣ ಅವನದೇ ಆಗಿ ಉಳಿದಿದೆ. ರೊಟ್ಟಿ ಬಡಿಯುವವರಿಗೆ ಹಾಡು ಹೆಚ್ಚು ಒಗ್ಗುತ್ತದೆ. ಕೈಗೆ ಹಿಟ್ಟು ಹತ್ತಿರುವಾಗ ಪುಟ ತಿರುವಲಾಗದು, ಆದರೆ ಚಿಕ್ಕಂದಿನಲ್ಲಿ ರವಿವಾರ ಶಾಲೆಯಲ್ಲಿ ಕಲಿತ ಕನ್ನಡ ಗೀತೆಯ ಎರಡು ಚರಣ ಆ ತಾಳಕ್ಕೆ ತಾನಾಗಿ ಕೂಡಿಕೊಳ್ಳುತ್ತದೆ.

ಮನೆಯವರೆಲ್ಲ ಕೂಡುವ ಪ್ರಾರ್ಥನೆ

ಸಂಜೆಯ ಕುಟುಂಬ ಪ್ರಾರ್ಥನೆಯನ್ನು ಕೊಲ್ಲುವುದು ಟಿ.ವಿ. ಧಾರಾವಾಹಿ ಎಂದು ಹಿರಿಯರು ದೂರುತ್ತಾರೆ. ನನ್ನ ಕಣ್ಣಿಗೆ ಬಿದ್ದಂತೆ ಅಷ್ಟೇ ದೊಡ್ಡ ಕಾರಣ ಮನೆಯ ಹಿರಿಯರ ಉದ್ದನೆಯ ಪ್ರಾರ್ಥನೆ. ಏಳು ವರ್ಷದ ಮಗು ಮೊಣಕಾಲ ಮೇಲೆ ತೂಕಡಿಸುತ್ತಿರುವಾಗ ತಂದೆ ದೇಶದೇಶಗಳ ಅರಸರಿಗಾಗಿ ಪ್ರಾರ್ಥಿಸುತ್ತಿದ್ದರೆ, ಆ ಮಗು ದೊಡ್ಡದಾದ ಮೇಲೆ ನೆನಪಿಡುವುದು ಮೊಣಕಾಲ ನೋವನ್ನು. ಹತ್ತು ನಿಮಿಷ ಸಾಕು: ಒಂದು ಹಾಡು, ಮಕ್ಕಳಲ್ಲಿ ಒಬ್ಬರು ಓದುವ ಒಂದು ಕೀರ್ತನೆ, ಎರಡು ಚಿಕ್ಕ ಪ್ರಾರ್ಥನೆ. 117ನೇ ಕೀರ್ತನೆಗೆ ಎರಡೇ ವಚನ, ಮೊದಲ ದಿನಕ್ಕೆ ಅದನ್ನು ಕೊಟ್ಟರೆ ಮಗುವಿಗೆ ಗೆದ್ದ ಸಂತೋಷ. 176 ವಚನದ 119ನೇ ಕೀರ್ತನೆಯನ್ನು ಎಂಟೆಂಟು ವಚನಗಳ ಭಾಗ ಮಾಡಿದರೆ 22 ದಿನ ಬರುತ್ತದೆ, ಅದರ ರಚನೆಯೇ ಹಾಗಿದೆ. ಓದುಬರಹ ಬಾರದ ಅಜ್ಜಿಗೆ ಹಾಡು ಆರಿಸುವ ಕೆಲಸ ಕೊಡಿರಿ. ಪ್ರಾರ್ಥನೆಯ ನಡುವೆ ನೆರೆಯವರು ಬಂದರೆ ಬಾಗಿಲಲ್ಲಿ ನಿಲ್ಲಿಸಬೇಡಿರಿ, ಕುರ್ಚಿ ಹಾಕಿರಿ. ನಮ್ಮ ಓಣಿಯಲ್ಲಿ ಒಬ್ಬ ಲಿಂಗಾಯತ ಅವ್ವ ಹಾಗೆ ಬಂದು ಕೂತು, ಮುಗಿದ ಮೇಲೆಯೇ ತನಗೆ ಬೇಕಾದ ಹೆಪ್ಪು ಕೇಳುತ್ತಿದ್ದರು.

ಸಭೆಯ ಕೆಲಸ ಮತ್ತು ದೇವರ ಹೊತ್ತು

ಇದನ್ನು ಬರೆಯುವುದು ಸ್ವಲ್ಪ ಕಷ್ಟ, ಏಕೆಂದರೆ ಓದುವವರಲ್ಲಿ ಗಾಯನಮಂಡಳಿಯವರೂ ಸಮಿತಿಯವರೂ ಇರುತ್ತಾರೆ, ಮತ್ತು ಅವರು ದುಡಿಯದಿದ್ದರೆ ಸಭೆ ನಡೆಯುವುದಿಲ್ಲ. ಆದರೂ ವಾರಕ್ಕೆ ನಾಲ್ಕು ಸಂಜೆ ಸಭೆಯ ಕೆಲಸಕ್ಕೆ ಕೊಟ್ಟು, ತಾನಾಗಿ ಐದು ನಿಮಿಷ ದೇವರ ಮುಂದೆ ಕೂಡದ ವರ್ಷಗಳನ್ನು ನಾನು ಕಳೆದಿದ್ದೇನೆ. ಮಾರ್ಥಳ ಪ್ರಸಂಗವನ್ನು (ಲೂಕ 10:38ರಿಂದ 42) ಆಗ ಸರಿಯಾಗಿ ಓದಿದೆ. ತಂಗಿ ನಿನ್ನ ಮಾತು ಕೇಳುತ್ತ ಕೂತು ನನ್ನೊಬ್ಬಳನ್ನೇ ಕೆಲಸಕ್ಕೆ ಬಿಟ್ಟಿದ್ದಾಳೆ, ನಿನಗೆ ಚಿಂತೆಯಿಲ್ಲವೇ ಎಂದು ಆಕೆ ಮನೆಗೆ ಬಂದ ಯೇಸುಸ್ವಾಮಿಯನ್ನು ಕೇಳುತ್ತಾಳೆ. ಬಿರುಗಾಳಿಯ ದೋಣಿಯಲ್ಲಿ ಶಿಷ್ಯರು ಕೇಳಿದ ಪ್ರಶ್ನೆಯೇ ಇದು. ಅವರಿಗೆ ಅಲೆಗಳ ನಡುವೆ ಅನಿಸಿದ್ದು ಆಕೆಗೆ ಅಡುಗೆಮನೆಯಲ್ಲಿ ಅನಿಸಿತು. ಸೇವೆ ಮಾಡುತ್ತ ಮಾಡುತ್ತ ಬೇರೆಯವರು ಮಾಡದ್ದನ್ನು ಎಣಿಸತೊಡಗಿದ್ದೇನೆ ಎಂದು ಗೊತ್ತಾದರೆ, ಆ ವಾರ ಒಂದು ಮೀಟಿಂಗಿಗೆ ರಜೆ ಹೇಳಿ ಆ ತಾಸನ್ನು ಮೊದಲಿನ ಜಾಗಕ್ಕೆ ಹಿಂದಿರುಗಿಸಿರಿ.

ತಪ್ಪಿದ ದಿನಗಳು

ತಪ್ಪುತ್ತದೆ. ಮನೆಯಲ್ಲಿ ಮದುವೆ, ಬಾಣಂತನ, ಜ್ವರ, ಸುಗ್ಗಿ. ನಮ್ಮ ಅವಳಿ ನಗರದಲ್ಲಿ ಇವೆಲ್ಲಕ್ಕಿಂತ ಖಚಿತವಾದದ್ದು ನಳಕ್ಕೆ ನೀರು ಬರುವ ದಿನ. ಹಲವು ದಿನಕ್ಕೊಮ್ಮೆ ಬರುವ ನೀರು ಬೆಳಗಿನ ಜಾವಕ್ಕೇ ಬಂದರೆ ಕೊಡ, ಬಕೆಟ್, ಡ್ರಮ್, ಟಾಕಿ ಎಲ್ಲ ತುಂಬುವವರೆಗೆ ಯಾವ ಗೂಟವೂ ಕೆಲಸಕ್ಕೆ ಬರುವುದಿಲ್ಲ. ಅಂಥ ದಿನಕ್ಕೆಂದೇ ಒಂದು ಚಿಕ್ಕ ಹಿಡಿ ಗೊತ್ತುಮಾಡಿಟ್ಟುಕೊಳ್ಳಿರಿ. ನನ್ನದು ಹೀಗಿದೆ: ಪೈಪನ್ನು ಡ್ರಮ್ಮಿಗೆ ಬಿಟ್ಟು, ಅದು ತುಂಬುವವರೆಗೆ ಪಕ್ಕದಲ್ಲಿ ನಿಂತು 23ನೇ ಕೀರ್ತನೆಯನ್ನು ಬಾಯಿಪಾಠವಾಗಿ ಹೇಳುವುದು. ಆರೇ ವಚನ, ಡ್ರಮ್ಮು ಅದಕ್ಕಿಂತ ನಿಧಾನವಾಗಿ ತುಂಬುತ್ತದೆ. ಆದರೆ ತಪ್ಪಿದ ಅಧ್ಯಾಯಗಳನ್ನು ಮರುದಿನವೇ ಒಟ್ಟಿಗೆ ಓದಿ ಸಾಲ ತೀರಿಸಲು ಹೋಗಬೇಡಿರಿ. ಆ ದಿನದ್ದನ್ನು ಓದಿ ಮುಂದೆ ಸಾಗಿರಿ, ತಪ್ಪಿದ್ದಕ್ಕೆ ವಾರದಲ್ಲಿ ಉಳಿಯುವ ಆ ಎರಡು ದಿನಗಳಿವೆ. ಒಂದು ತಿಂಗಳೇ ಬಿಟ್ಟುಹೋಗಿದ್ದರೆ, ಯಾರಿಗೂ ಹೇಳದೆ, ಯಾವ ಹೊಸ ಪ್ರತಿಜ್ಞೆಯನ್ನೂ ಮಾಡದೆ, ಬಿಟ್ಟ ಪುಟದಿಂದ ಶುರುಮಾಡಿರಿ.

ನಾಳೆ ಮೊದಲ ಸಲ ಕೂಡುವವರಿಗೆ ಇವತ್ತಿನ ರಾತ್ರಿ ಒಂದೇ ಕೆಲಸವಿದೆ. ಮಾರ್ಕನ ಸುವಾರ್ತೆಯ ಮೊದಲ ಪುಟಕ್ಕೆ ಒಂದು ಕಾಗದದ ಗುರುತು ಇಟ್ಟು, ಸತ್ಯವೇದವನ್ನು ನಿಮ್ಮ ಜಾಗದಲ್ಲಿರಿಸಿ, ಅದರ ಮೇಲೆ ಕನ್ನಡಕವಿಟ್ಟು, ಮೊಬೈಲನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ ಮಲಗಿರಿ.